ಕರ್ನೆಲ್ ಕಂಪೈಲ್ ಮಾಡುವ ಮೊದಲು: ಯಾವ ಪ್ರೊಸೆಸರ್‌ಗೆ?

ಮಣಿಪಾಲದ ಹಾಸ್ಟೆಲ್‌ನಲ್ಲಿ ಕೂತು ಹೊಸ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಕರ್ನೆಲ್ ಕಂಪೈಲ್ ಮಾಡಿದಿರಿ ಅಂತ ಇಟ್ಟುಕೊಳ್ಳಿ. ಶನಿವಾರ ಕಾರ್ಕಳದ ಮನೆಗೆ ಹೋದಾಗ ಅದೇ ಕರ್ನೆಲನ್ನು ಅಟ್ಟದ ಮೇಲಿದ್ದ ಹಳೇ ನೆಟ್‌ಬುಕ್‌ಗೆ ಹಾಕಿದಿರಿ. ಅದರೊಳಗೆ ಇರೋದು ಇಂಟೆಲ್ ಆಟಮ್ ಎನ್270. ಬೂಟ್ ಆಗೋದೇ ಇಲ್ಲ! ಈ ಕರ್ನೆಲ್‌ಗೆ ಎಕ್ಸ್86-64 ಪ್ರೊಸೆಸರ್ ಬೇಕು, ಸಿಕ್ಕಿದ್ದು ಐ686 ಮಾತ್ರ ಅಂತ ಪರದೆ ಮೇಲೆ ಬರುತ್ತದೆ.

ಎರಡೂ ಇಂಟೆಲ್ ಚಿಪ್ಪೇ ಅಲ್ವಾ? ಹೌದು. ಆದರೆ ಕರ್ನೆಲ್ ನೋಡುವುದು ಕಂಪನಿಯನ್ನೂ ಅಲ್ಲ, ತಯಾರಾದ ವರ್ಷವನ್ನೂ ಅಲ್ಲ. ಆ ಪ್ರೊಸೆಸರ್‌ಗೆ ಯಾವ ಯಾವ ಇನ್‌ಸ್ಟ್ರಕ್ಷನ್‌ಗಳು ಗೊತ್ತು ಎಂಬುದನ್ನು. ಎಎಂಡಿ 64-ಬಿಟ್ ಚಿಪ್ ತಂದದ್ದು 2003ರಲ್ಲಿ. ಎನ್270 ಬಂದದ್ದು 2008ರಲ್ಲಿ. ಆದರೂ ಅದು ಬರೀ 32-ಬಿಟ್.

32-ಬಿಟ್ ಲಿನಕ್ಸ್ ಕರ್ನೆಲ್‌ನ ಮೆನು ಕಾನ್ಫಿಗ್‌ನಲ್ಲಿ 'ಪ್ರೊಸೆಸರ್ ಫ್ಯಾಮಿಲಿ' ಎಂಬ ಆಯ್ಕೆ ಇದೆ: 486, 586, ಪೆಂಟಿಯಮ್ ಪ್ರೊ, ಕೆ6, ಆಟಮ್ ಹೀಗೆ. ಇಲ್ಲಿ ಆರಿಸಿದ್ದು ಕನಿಷ್ಠ ಮಿತಿ. 586 ಅಂದರೆ ಪೆಂಟಿಯಮ್ ಪ್ರೊದಲ್ಲಿ ಓಡುತ್ತದೆ, 486ರಲ್ಲಿ ಓಡುವ ಖಾತ್ರಿ ಇಲ್ಲ. 1995ರ ಪೆಂಟಿಯಮ್ ಪ್ರೊದಲ್ಲಿ 'ಸಿಮೂವ್' ಎಂಬ ಇನ್‌ಸ್ಟ್ರಕ್ಷನ್ ಇತ್ತು. ಎರಡು ವರ್ಷ ಬಿಟ್ಟು ಬಂದ ಎಎಂಡಿ ಕೆ6ರಲ್ಲಿ ಇರಲಿಲ್ಲ. ಹಾಗಾಗಿ ಪೆಂಟಿಯಮ್ ಪ್ರೊಗೆಂದು ಕಟ್ಟಿದ ಕರ್ನೆಲ್ ಕೆ6ರಲ್ಲಿ ನಡೆಯುವುದಿಲ್ಲ.

ಫ್ರೀಬಿಎಸ್‌ಡಿಯ ದಾರಿ ಸ್ವಲ್ಪ ಬೇರೆ. 32-ಬಿಟ್ ಕಾನ್ಫಿಗ್ ಫೈಲ್‌ನಲ್ಲಿ 'ಸಿಪಿಯು' ಎಂಬ ಸಾಲಿನಲ್ಲಿ ಐ586, ಐ686 ಎಂದು ಒಂದಕ್ಕಿಂತ ಹೆಚ್ಚು ವರ್ಗ ಬರೆಯಬಹುದು, ಬೇಡದ್ದನ್ನು ಅಳಿಸಬಹುದು. 64-ಬಿಟ್‌ನಲ್ಲಿ ಇರುವ ಹೆಸರು 'ಹ್ಯಾಮರ್', ಅಂದರೆ ಎಎಂಡಿಯ ಮೊದಲ 64-ಬಿಟ್ ಚಿಪ್ಪುಗಳ ಸಂಕೇತನಾಮ. ಇಂಟೆಲ್ ಚಿಪ್ ಇದ್ದರೂ ಹಾಕುವುದು ಅದನ್ನೇ!

ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ ಸಿಂಪ್ಯೂಟರ್ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸೇರಿ 2001ರ ಸುಮಾರಿಗೆ ರೂಪಿಸಿದ ಕೈಗಣಕ ಅದು. ಓಡುತ್ತಿದ್ದದ್ದು ಲಿನಕ್ಸೇ, ಆದರೆ ಪ್ರೊಸೆಸರ್ ಸ್ಟ್ರಾಂಗ್‌ಆರ್ಮ್. ಪಿಸಿಯ ಕರ್ನೆಲ್ ಫೈಲ್ ಅಲ್ಲಿ ಏನೂ ಪ್ರಯೋಜನವಿಲ್ಲ. ಸೋರ್ಸ್ ಒಂದೇ ಆದರೂ ಆರ್ಮ್‌ಗೆಂದೇ ಬೇರೆಯಾಗಿ ಕಂಪೈಲ್ ಮಾಡಬೇಕು. ಆ ಚಿಪ್‌ನಲ್ಲಿ ದಶಮಾಂಶ ಲೆಕ್ಕದ ಫ್ಲೋಟಿಂಗ್ ಪಾಯಿಂಟ್ ಘಟಕವೂ ಇಲ್ಲ. ಆ ಇನ್‌ಸ್ಟ್ರಕ್ಷನ್‌ಗಳು ಬಂದಾಗ ಕರ್ನೆಲ್ಲೇ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಮಾಡಿಕೊಡಲು ಆರ್ಮ್ ಲಿನಕ್ಸ್‌ನಲ್ಲಿ ಪ್ರತ್ಯೇಕ ಆಯ್ಕೆ ಇದೆ.

ಇನ್ನೊಂದು ಗೊಂದಲ ಬಗೆಹರಿಸೋಣ. ಜಿಸಿಸಿಯಲ್ಲಿ 'ಎಂ-ಆರ್ಚ್' ಕೊಟ್ಟರೆ ಆ ಚಿಪ್‌ನ ಇನ್‌ಸ್ಟ್ರಕ್ಷನ್‌ಗಳನ್ನೇ ಬಳಸುತ್ತದೆ, ಹಳೆಯದರಲ್ಲಿ ಓಡದೇ ಹೋಗಬಹುದು. 'ಎಂ-ಟ್ಯೂನ್' ಕೊಟ್ಟರೆ ಕೋಡ್‌ನ ಜೋಡಣೆ ಮಾತ್ರ ಆ ಚಿಪ್‌ಗೆ ಒಗ್ಗುವಂತೆ ಬದಲಾಗುತ್ತದೆ, ಹಳೆಯದರಲ್ಲೂ ಓಡುತ್ತದೆ. ಮೊದಲನೆಯದು ಹೊಂದಾಣಿಕೆಯ ಪ್ರಶ್ನೆ, ಎರಡನೆಯದು ವೇಗದ್ದು.

ಹಾಗಾದರೆ ಲ್ಯಾಬ್‌ನ ಹತ್ತು ಬಗೆಯ ಯಂತ್ರಗಳಿಗೆ ಒಂದೇ ಕರ್ನೆಲ್ ಬೇಕಾದರೆ? ಪ್ರತಿಯೊಂದರಲ್ಲೂ 'ಎಲ್ಎಸ್‌ಸಿಪಿಯು' ಕೊಟ್ಟು 'ಆಪ್-ಮೋಡ್' ಸಾಲು ಮತ್ತು ಫ್ಲ್ಯಾಗ್‌ಗಳನ್ನು ಬರೆದುಕೊಳ್ಳಿ. ಎಲ್ಲದರಲ್ಲೂ ಸಮಾನವಾಗಿ ಇರುವುದಕ್ಕೆ ಕಂಪೈಲ್ ಮಾಡಿ. ವೇಗ ಹೋಯ್ತಲ್ಲ ಅಂತ ಚಿಂತೆ ಬೇಡ. ಕ್ರಿಪ್ಟೋದಂಥ ಕಡೆ ಲಿನಕ್ಸ್ ಓಡುವಾಗಲೇ ಪ್ರೊಸೆಸರನ್ನು ನೋಡಿ, ಅದಕ್ಕೆ ತಕ್ಕ ಕೋಡನ್ನು ಆರಿಸಿಕೊಳ್ಳುತ್ತದೆ. ನಿಮ್ಮೊಬ್ಬರ ಲ್ಯಾಪ್‌ಟಾಪ್‌ಗಾದರೆ ಅದಕ್ಕೇ ಹೊಂದುವಂತೆ ಕಟ್ಟಿ, ತೊಂದರೆಯಿಲ್ಲ.

ಮುಂದಿನ ಸಲ ಕಾರ್ಕಳದ ಬಸ್ ಹತ್ತುವ ಮೊದಲು ಮನೆಗೆ ಫೋನ್ ಮಾಡಿ ತಮ್ಮನಿಂದ ಆ ಒಂದು ಕಮಾಂಡ್ ಹಾಕಿಸಿ. 32-ಬಿಟ್ ಅಂತ ಮಾತ್ರ ಬಂದರೆ ಕಂಪೈಲನ್ನು ಹಾಸ್ಟೆಲ್‌ನಲ್ಲೇ ಇನ್ನೊಮ್ಮೆ ಮಾಡಿಕೊಂಡು ಹೊರಡಿ.