ಜೀಪಿನ ಪ್ಲೇಟ್ ಬುಷ್ ಬದಲಿಸೋದು: ತೋಟದಲ್ಲೇ ಮಾಡಬಹುದಾದ ಒಂದು ದಿನದ ಕೆಲಸ

ತೋಟದ ರಸ್ತೆಯಲ್ಲಿ ಗುಂಡಿ ಹಾರಿದಾಗಲೆಲ್ಲ ಜೀಪಿನ ಅಡಿಯಿಂದ ಕಟಕ್ ಕಟಕ್ ಅಂತ ಸದ್ದು ಬರ್ತಿದೆಯಾ? ಬ್ರೇಕ್ ಒತ್ತಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಾ? ಹಾಗಿದ್ದರೆ ಶಾಕ್ ಅಬ್ಸಾರ್ಬರ್ ಬದಲಿಸುವ ಮೊದಲು ಪ್ಲೇಟಿನ ಬುಷ್ ನೋಡಿ. ನಾನು ಓದಿದ್ದು ತೋಟಗಾರಿಕೆ, ಮೆಕ್ಯಾನಿಕ್ ಕೆಲಸ ಅಲ್ಲ. ಆದರೆ ಗೊಬ್ಬರ, ಜೀವಾಮೃತದ ಡ್ರಮ್ಮು, ಕೊಯ್ಲಿನ ಮೂಟೆ ಎಲ್ಲವೂ ಜೀಪಿನಲ್ಲೇ ಏರು ಹತ್ತಬೇಕಾದ ಕಡೆ ಇಷ್ಟನ್ನು ಕಲಿತಿರಲೇಬೇಕು.

ಹಳೆಯ ಮಹೀಂದ್ರಾ ಜೀಪು, ಮಾರುತಿ ಜಿಪ್ಸಿಗಳಲ್ಲಿ ನಾಲ್ಕೂ ಚಕ್ರಕ್ಕೆ ಪ್ಲೇಟ್ ಸ್ಪ್ರಿಂಗ್ ಇದೆ. ಬೊಲೆರೊ, ಬೊಲೆರೊ ಪಿಕಪ್‌ಗಳಲ್ಲಿ ಹಿಂದಿನ ಚಕ್ರಕ್ಕೆ ಇದೆ. ಇಲ್ಲಿ ಹೇಳ್ತಿರೋದು ಈ ಪ್ಲೇಟ್ ಸ್ಪ್ರಿಂಗಿನ ಬುಷ್ ಬಗ್ಗೆ ಮಾತ್ರ.

ಬುಷ್ ಮಾಡುವ ಕೆಲಸ

ಮೇಲಿನ ಮುಖ್ಯ ಪ್ಲೇಟಿನ ಎರಡೂ ತುದಿ ಸುರುಳಿ ಸುತ್ತಿಕೊಂಡು ಒಂದೊಂದು ತೂತಾಗಿರುತ್ತೆ. ಅದನ್ನು ಕಣ್ಣು ಅನ್ನೋಣ. ಒಂದು ಕಣ್ಣು ಚಾಸಿಗೆ ನೇರವಾಗಿ ಬೋಲ್ಟ್ ಆಗಿರುತ್ತೆ. ಇನ್ನೊಂದು, ತೂಗಾಡುವ ಶ್ಯಾಕಲ್‌ಗೆ ಸೇರಿರುತ್ತೆ. ಭಾರ ಬಿದ್ದಾಗ ಪ್ಲೇಟ್ ಚಪ್ಪಟೆಯಾಗಿ ಉದ್ದ ಆಗುತ್ತಲ್ಲ, ಅದಕ್ಕೆ ಜಾಗ ಕೊಡೋದು ಈ ಶ್ಯಾಕಲ್.

ಕಣ್ಣಿನೊಳಗೆ ಕೂತಿರೋದೇ ಬುಷ್. ಸಾಮಾನ್ಯವಾಗಿ ಹೊರಗೊಂದು ಕಬ್ಬಿಣದ ಕೊಳವೆ, ಒಳಗೊಂದು ಕೊಳವೆ, ನಡುವೆ ರಬ್ಬರ್. ಪ್ಲೇಟ್ ಆಡಿದಾಗ ಈ ರಬ್ಬರ್ ಜಾರೋದಿಲ್ಲ, ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತೆ. ಈ ಮಾತು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತೆ.

ರಬ್ಬರ್ ಹೋದರೆ ಬೋಲ್ಟು ಕಣ್ಣನ್ನೇ ತಿನ್ನೋಕೆ ಶುರು ಮಾಡುತ್ತೆ. ತೂತು ಅಗಲ ಆಗುತ್ತೆ, ಆಕ್ಸಲ್ ಸೊಟ್ಟಗೆ ಓಡುತ್ತೆ, ಟಯರ್ ಒಂದೇ ಕಡೆ ಸವೆಯುತ್ತೆ. ಕೊನೆಗೆ ಮುಖ್ಯ ಪ್ಲೇಟೇ ಕಣ್ಣಿನ ಹತ್ತಿರ ಬಿರುಕು ಬಿಡಬಹುದು. ಕೊಯ್ಲಿನ ಹೊತ್ತಲ್ಲಿ, ಹಿಂದೆ ಜನ ಕೂತಿರುವಾಗ, ಇಳಿಜಾರಲ್ಲಿ ಆ ಪ್ಲೇಟ್ ತುಂಡಾದರೆ ಗಾಡಿ ನಿಮ್ಮ ಹಿಡಿತದಲ್ಲಿ ಇರೋದಿಲ್ಲ.

ಪರೀಕ್ಷೆ

1. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಚಕ್ರಕ್ಕೆ ಅಡ್ಡ ಕೊಡಿ. ಬೋಲ್ಟು ಕಣ್ಣಿನ ನಡುವೆ ಇದೆಯಾ, ಒಂದು ಕಡೆಗೆ ಇಳಿದಿದೆಯಾ ನೋಡಿ. ರಬ್ಬರ್ ಸೀಳಿ ಹೊರಗೆ ಬಂದಿದ್ದರೆ ಅಥವಾ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ ಬುಷ್ ಮುಗಿದಿದೆ.
2. ಒಬ್ಬರು ಬಾಡಿ ಹಿಡಿದು ಜೋರಾಗಿ ಅಲುಗಾಡಿಸಲಿ. ನೀವು ಪಕ್ಕದಲ್ಲಿ ಕೂತು ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೀರಿ. ಕಣ್ಣಿಗೆ ಕಾಣದ ಆಟ ವಿಡಿಯೊದಲ್ಲಿ ಕಾಣುತ್ತೆ.
3. ಸ್ಟಿಯರಿಂಗ್ ನೇರ ಇಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಪಕ್ಕ ಟೇಪ್ ಹಿಡಿಯಿರಿ. ಅಳತೆ ಎದ್ದು ಕಾಣುವಷ್ಟು ಬೇರೆ ಬಂದರೆ ಆಕ್ಸಲ್ ಸರಿದಿದೆ. ಆಗ ಬುಷ್ ಜೊತೆಗೆ ಪ್ಲೇಟಿನ ಸೆಂಟರ್ ಬೋಲ್ಟನ್ನೂ ನೋಡಿ.

ತುಂಬಾ ಹಳೆಯ ಜೀಪಾದರೆ ಶ್ಯಾಕಲ್‌ನಲ್ಲಿ ಗ್ರೀಸ್ ನಿಪ್ಪಲ್ ಇರಬಹುದು. ಅದು ರಬ್ಬರ್ ಬುಷ್ ಅಲ್ಲ, ಅದಕ್ಕೆ ಗ್ರೀಸ್ ಹೊಡೆಯಲೇಬೇಕು. ನಿಪ್ಪಲ್ ಇಲ್ಲದ ರಬ್ಬರ್ ಬುಷ್‌ಗೆ ಗ್ರೀಸ್ ಹಚ್ಚಬೇಡಿ.

ಗಾಡಿ ಎತ್ತುವ ಮುನ್ನ

ಹಿಂದೆ ಎತ್ತಿದಾಗ ಹ್ಯಾಂಡ್ ಬ್ರೇಕ್ ನಂಬಬೇಡಿ, ಅದು ಹಿಡಿಯೋದು ಹಿಂದಿನ ಚಕ್ರಗಳನ್ನೇ. ಮುಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಅಡ್ಡ ಕೊಡಿ. ಜಾಕ್ ಇರೋದು ಎತ್ತೋಕೆ, ಹೊತ್ತು ನಿಲ್ಲೋಕೆ ಅಲ್ಲ. ಚಾಸಿಯ ಅಡಿಗೆ ಎರಡು ಜಾಕ್ ಸ್ಟ್ಯಾಂಡ್ ಕೊಟ್ಟ ಮೇಲೆ ಮಾತ್ರ ಅಡಿಗೆ ಹೋಗಿ. ಟೊಳ್ಳು ಸಿಮೆಂಟ್ ಬ್ಲಾಕು, ಮುರಕಲ್ಲು ಬೇಡವೇ ಬೇಡ. ಅವು ಮುನ್ಸೂಚನೆ ಕೊಡದೆ ಪುಡಿಯಾಗ್ತವೆ. ನೆಲ ಮೆತ್ತಗಿದ್ದರೆ ಸ್ಟ್ಯಾಂಡ್ ಅಡಿಗೆ ದಪ್ಪ ಹಲಗೆ ಹಾಕಿ.

ಬಿಚ್ಚೋದು, ಕೂರಿಸೋದು

ಹಿಂದಿನ ದಿನ ಸಂಜೆಯೇ ಎಲ್ಲ ನಟ್ಟಿಗೂ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ. ಬಿಚ್ಚುವ ಮುಂಚೆ ಪ್ರತಿ ಜೋಡಣೆಯ ಫೋಟೊ ತೆಗೆದುಕೊಳ್ಳಿ, ಯಾವ ವಾಷರ್ ಎಲ್ಲಿತ್ತು ಅನ್ನೋ ಗೊಂದಲ ಇರೋದಿಲ್ಲ.

ಒಂದು ಸಲಕ್ಕೆ ಒಂದೇ ಪಕ್ಕದ ಕೆಲಸ ಮಾಡಿ. ಇನ್ನೊಂದು ಪಕ್ಕ ಆಕ್ಸಲನ್ನು ಹಿಡಿದಿಟ್ಟುಕೊಂಡಿರುತ್ತೆ. ಚಕ್ರ ಬಿಚ್ಚಿ, ಆಕ್ಸಲ್ ಅಡಿಗೆ ಜಾಕ್ ಕೊಟ್ಟು, ಪ್ಲೇಟಿನ ಮೇಲಿನ ಒತ್ತಡ ಹೋಗುವಷ್ಟು ಮಾತ್ರ ಎತ್ತಿ. ಬ್ರೇಕ್ ಹೋಸ್ ಎಳೆಯದಂತೆ ಗಮನ ಇರಲಿ. ಯು ಬೋಲ್ಟ್, ಆಮೇಲೆ ಶ್ಯಾಕಲ್ ಬೋಲ್ಟ್, ಕೊನೆಗೆ ಇನ್ನೊಂದು ತುದಿಯ ಬೋಲ್ಟ್ ಬಿಚ್ಚಿ ಪ್ಲೇಟ್ ಸೆಟ್ ಕೆಳಗಿಳಿಸಿ. ಅದು ಭಾರ ಇರುತ್ತೆ, ಇಬ್ಬರು ಬೇಕು.

ಹಳೆ ಬುಷ್ ತೆಗೆಯೋಕೆ ಕೆಲವರು ಕಣ್ಣಿಗೆ ಬೆಂಕಿ ಹಿಡೀತಾರೆ. ಅದನ್ನು ಮಾಡಬೇಡಿ. ರಬ್ಬರ್ ಹೊಗೆ ವಿಷ. ಜೊತೆಗೆ ಜಾಸ್ತಿ ಕಾದ ಸ್ಪ್ರಿಂಗ್ ಉಕ್ಕು ತನ್ನ ಹದ ಕಳಕೊಳ್ಳುತ್ತೆ. ಉದ್ದದ ಥ್ರೆಡ್ ರಾಡು, ಎರಡು ನಟ್ಟು, ದಪ್ಪ ವಾಷರು ಸಾಕು. ಒಂದು ಕಡೆ ಬುಷ್ ಹೊರಬರುವಷ್ಟು ಅಗಲದ ಪೈಪ್ ತುಂಡು, ಇನ್ನೊಂದು ಕಡೆ ಕಣ್ಣಿಗಿಂತ ಚಿಕ್ಕ ಸಾಕೆಟ್ ಇಟ್ಟು ನಟ್ ತಿರುಗಿಸುತ್ತಾ ಹೋದರೆ ಬುಷ್ ಹೊರಗೆ ಬರುತ್ತೆ. ಹೊರ ಕೊಳವೆ ಕಚ್ಚಿಕೊಂಡಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಕೊಳವೆಯನ್ನಷ್ಟೇ ಕುಯ್ಯಿರಿ. ಕಣ್ಣಿಗೆ ಗೀರು ಬೀಳಬಾರದು, ಅಲ್ಲಿಂದಲೇ ಬಿರುಕು ಶುರುವಾಗುತ್ತೆ.

ಕಣ್ಣನ್ನು ವೈರ್ ಬ್ರಷ್‌ನಿಂದ ಉಜ್ಜಿ. ಬಿರುಕು ಕಂಡರೆ, ತೂತು ಅಗಲ ಆಗಿದ್ದರೆ ಆ ಪ್ಲೇಟ್ ಬದಲಿಸಿ, ಹೊಸ ಬುಷ್ ಹಾಕಿ ಪ್ರಯೋಜನ ಇಲ್ಲ. ಹೊಸ ಬುಷ್‌ಗೆ ಸೋಪಿನ ನೀರು ಹಚ್ಚಿ, ಹೊರ ಕೊಳವೆಯ ಅಂಚಿನ ಮೇಲೆ ಒತ್ತಡ ಬೀಳುವ ಹಾಗೆ ನೇರವಾಗಿ ಒಳಗೆ ಎಳೆಯಿರಿ. ಸುತ್ತಿಗೆಯಿಂದ ಒಳ ಕೊಳವೆಗೆ ಹೊಡೆದರೆ ರಬ್ಬರ್ ಅಲ್ಲೇ ಹರಿಯುತ್ತೆ. ಪ್ಲೇಟ್ ಕೂರಿಸುವಾಗ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ತೂತಿಗೆ ಸರಿಯಾಗಿ ಕೂರಬೇಕು. ಯು ಬೋಲ್ಟ್ ಹೊಸದೇ ಹಾಕಿ.

ಎಲ್ಲರೂ ಬಿಡುವ ಹೆಜ್ಜೆ

ಗಾಡಿ ಎತ್ತಿರುವಾಗ ಕಣ್ಣಿನ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡಬೇಡಿ. ಕೈಯಲ್ಲಿ ಕೂರುವಷ್ಟು ಮಾತ್ರ ಬಿಗಿ ಮಾಡಿ. ಯು ಬೋಲ್ಟ್ ಬಿಗಿದು, ಚಕ್ರ ಹಾಕಿ, ಗಾಡಿ ನೆಲಕ್ಕಿಳಿಸಿ, ನಾಲ್ಕು ಸಲ ಅಲುಗಾಡಿಸಿ. ಗಾಡಿಯ ಭಾರ ಪೂರ್ತಿ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿ.

ಕಾರಣ ಮೊದಲೇ ಹೇಳಿದ್ದು: ರಬ್ಬರ್ ಜಾರೋದಿಲ್ಲ, ತಿರುಚಿಕೊಳ್ಳುತ್ತೆ. ಪ್ಲೇಟ್ ನೇತಾಡುತ್ತಿರುವಾಗ ಬಿಗಿ ಮಾಡಿದರೆ ಗಾಡಿ ಸುಮ್ಮನೆ ನಿಂತಿದ್ದಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತೆ. ಮೇಲೆ ಲೋಡ್ ಬಿದ್ದರೆ ಇನ್ನಷ್ಟು ತಿರುಚಿ ಬೇಗ ಹರಿಯುತ್ತೆ. "ಹೊಸ ಬುಷ್ ಹಾಕಿಸಿದೆ, ಒಂದು ಮಳೆಗಾಲವೂ ಬಾಳಲಿಲ್ಲ" ಅನ್ನೋರು ಸಾಮಾನನ್ನು ಬೈಯುವ ಮೊದಲು ಇದನ್ನು ಕೇಳಿಕೊಳ್ಳಬೇಕು. ಎಷ್ಟು ಬಿಗಿ ಅನ್ನೋದು ಗಾಡಿಯ ಸರ್ವಿಸ್ ಪುಸ್ತಕದಲ್ಲಿದೆ. ಟಾರ್ಕ್ ರೆಂಚ್ ಬಾಡಿಗೆಗಾದರೂ ತನ್ನಿ. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್ ಮತ್ತು ಉಳಿದ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿ.

ಬಾಳಿಕೆಗೆ

ಮಳೆಗಾಲಕ್ಕೆ ಮುಂಚೆ ಗಾಡಿಯ ಅಡಿಗೆ ಹಳೆ ಆಯಿಲ್, ಡೀಸೆಲ್ ಹೊಡೆಸೋದು ನಮ್ಮಲ್ಲಿ ರೂಢಿ. ಕಬ್ಬಿಣಕ್ಕೆ ತುಕ್ಕು ತಡೆಯಬಹುದು, ಆದರೆ ಬುಷ್ ರಬ್ಬರ್ ಎಣ್ಣೆ ಕುಡಿದು ಊದಿ ಮೆತ್ತಗಾಗುತ್ತೆ. ಹಚ್ಚಲೇಬೇಕಿದ್ದರೆ ಬುಷ್ ಬಿಟ್ಟು ಹಚ್ಚಿ. ಗೋಮೂತ್ರ, ಸ್ಲರಿ ಚೆಲ್ಲಿದ ದಿನ ಅಡಿಯನ್ನು ಬರೀ ನೀರಲ್ಲಿ ತೊಳೆದರೆ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಳ್ಳೋದು ಕಡಿಮೆ.

ಬೊಲೆರೊ ಥರದ ಗಾಡಿಗಳ ಮುಂಭಾಗದ ಆರ್ಮ್ ಬುಷ್ ಮಾತ್ರ ಮನೆಯಲ್ಲಿ ಬೇಡ. ಅಲ್ಲಿ ಒತ್ತಿಟ್ಟ ಕಾಯಿಲ್ ಸ್ಪ್ರಿಂಗ್ ಇರುತ್ತೆ, ಸಿಡಿದರೆ ಪ್ರಾಣಕ್ಕೆ ಅಪಾಯ. ಅದನ್ನು ಪ್ರೆಸ್ ಇರುವ ಗ್ಯಾರೇಜಿಗೆ ಕೊಡಿ, ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಅಲ್ಲೂ ಮೆಕ್ಯಾನಿಕ್‌ಗೆ ಒಂದು ಮಾತು ಕೇಳಿ: "ಅಣ್ಣಾ, ಕೊನೇ ಬಿಗಿ ಗಾಡಿ ಇಳಿಸಿದ ಮೇಲೇನಾ?"