ಊರಿಗೆ ಬಂದವರನ್ನು ಟೆಕ್ಸ್-ಮೆಕ್ಸ್ ಊಟಕ್ಕೆ ಕರೆದೊಯ್ಯುವ ಮೊದಲು

ಹ್ಯೂಸ್ಟನ್ನಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಅತಿಥಿಗಳು ಎರಡು ಬಗೆ: ನ್ಯೂಜೆರ್ಸಿಯಿಂದಲೋ ಷಿಕಾಗೋದಿಂದಲೋ ಆಫೀಸಿನ ಕೆಲಸಕ್ಕೆ ಬರುವವರು, ಮೈಸೂರು, ದಾವಣಗೆರೆ ಕಡೆಯಿಂದ ಬಂದು ತಿಂಗಳುಗಟ್ಟಲೆ ಇರುವ ಹಿರಿಯರು. "ಈ ಊರಿನದೇ ಊಟ ಅಂದ್ರೆ ಯಾವುದು?" ಎಂದು ಇಬ್ಬರೂ ಕೇಳುತ್ತಾರೆ. ಟೆಕ್ಸಸ್, ಮೆಕ್ಸಿಕೋ ಎರಡೂ ಬೆರೆತ ಟೆಕ್ಸ್-ಮೆಕ್ಸ್ ಎಂದು ಹೇಳಿಬಿಡಬಹುದು. ತಲೆನೋವು ಇರುವುದು ಹೋಟೆಲು ಆರಿಸುವುದರಲ್ಲಿ.

1. ಟೆಕ್ಸ್-ಮೆಕ್ಸ್ ಎನ್ನಲು ನಾಚುವ ಹೋಟೆಲು ಬೇಡ.

ಡಯಾನಾ ಕೆನಡಿ ಮೆಕ್ಸಿಕೋದ ಅಡುಗೆಗಳ ಬಗ್ಗೆ 1972ರಲ್ಲಿ ಪುಸ್ತಕ ತಂದ ಮೇಲೆ, ಗಡಿಯ ಈಚೆಯದೆಲ್ಲ ಕಲಬೆರಕೆ ಎಂಬ ತಾತ್ಸಾರ ಬೆಳೆಯಿತು. ನನಗದು ಒಪ್ಪಿಗೆಯಿಲ್ಲ. ಸ್ಯಾನ್ ಆಂಟೋನಿಯೋದ ಚೌಕಗಳಲ್ಲಿ 'ಚಿಲ್ಲಿ ಕ್ವೀನ್ಸ್' ಎಂದು ಹೆಸರಾದ ಹೆಂಗಸರು ಹತ್ತೊಂಬತ್ತನೇ ಶತಮಾನದಲ್ಲೇ ಸಂಜೆ ಹೊತ್ತು ಒಲೆ ಹೂಡಿ ಮಾರುತ್ತಿದ್ದ ಅಡುಗೆಯ ಸಂತತಿ ಇದು. ಕರಗಿದ ಹಳದಿ ಚೀಸಿನ ಎಂಚಿಲಾಡಾ, ಅದರ ಮೇಲೆ ಒಣಮೆಣಸಿನಕಾಯಿ, ಜೀರಿಗೆ ಘಮ್ಮೆನ್ನುವ ಕಂದು ಗ್ರೇವಿ, ಪಕ್ಕದಲ್ಲಿ ಅನ್ನ, ಬೇಯಿಸಿ ಮಸೆದ ಬೀನ್ಸ್. ಮೆನುವಿನಲ್ಲಿ 'ಕಾಂಬಿನೇಷನ್ ಪ್ಲೇಟ್' ಇದೆಯೇ ನೋಡಿ. ಇಲ್ಲದಿದ್ದರೆ ಅಡುಗೆ ಚೆನ್ನಾಗಿರಬಹುದು, ಅತಿಥಿ ಕೇಳಿದ್ದು ಮಾತ್ರ ಅದಲ್ಲ.

2. ಸಸ್ಯಾಹಾರಿಗಳಿದ್ದರೆ ಮೊದಲು ಫೋನ್ ಮಾಡಿ.

"ವೆಜಿಟೇರಿಯನ್ ಇದೆಯಾ?" ಎಂದು ಕೇಳಿ ಪ್ರಯೋಜನವಿಲ್ಲ. "ಓಹೋ, ಚೀಸ್ ಎಂಚಿಲಾಡಾ ಇದೆ" ಎನ್ನುತ್ತಾರೆ. ಅದರ ಮೇಲಿನ ಗ್ರೇವಿಯಲ್ಲಿ ಬಹಳ ಕಡೆ ದನದ ಮಾಂಸ ಇರುತ್ತದೆ ಎಂಬುದು ಅವರಿಗೆ ಹೊಳೆಯುವುದೂ ಇಲ್ಲ. ಹಾಗಾಗಿ ಒಂದೊಂದನ್ನೇ ಹೆಸರಿಟ್ಟು ಕೇಳಬೇಕು. ಬೀನ್ಸಿಗೆ ಲಾರ್ಡ್, ಅಂದರೆ ಹಂದಿಯ ಕೊಬ್ಬು, ಹಾಕುತ್ತೀರಾ? ಅನ್ನ ಬೇಯಿಸುವುದು ನೀರಿನಲ್ಲೋ ಕೋಳಿಯ ಸಾರಿನಲ್ಲೋ? ಗೋಧಿ ಟೋರ್ಟಿಯಾಕ್ಕೆ ಎಣ್ಣೆಯೋ ಲಾರ್ಡೋ? ಫೋನ್ ಎತ್ತಿದವರಿಗೆ ಗೊತ್ತಿಲ್ಲದಿದ್ದರೆ ಅಡುಗೆಯವರಿಗೆ ಕೊಡಿ ಎನ್ನಿ, ಲಾರ್ಡಿಗೆ ಸ್ಪ್ಯಾನಿಷ್‌ನಲ್ಲಿ 'ಮಾಂತೇಕಾ' ಎಂದರೆ ಅವರಿಗೆ ತಕ್ಷಣ ತಿಳಿಯುತ್ತದೆ. ಮಧ್ಯಾಹ್ನ ಮೂರರ ಸುಮಾರಿಗೆ ಅಡುಗೆಮನೆ ಬಿಡುವಾಗಿದ್ದು ಸಮಾಧಾನವಾಗಿ ಉತ್ತರ ಸಿಗುತ್ತದೆ.

ಜೋಳದ ಟೋರ್ಟಿಯಾ ಸಾಮಾನ್ಯವಾಗಿ ಮೆಕ್ಕೆಜೋಳ, ಸುಣ್ಣ, ನೀರು ಅಷ್ಟೇ. ಗ್ವಾಕಮೋಲೆಗೂ ಭಯವಿಲ್ಲ. ಕಪ್ಪು ಬೀನ್ಸನ್ನು ಕೊಬ್ಬಿಲ್ಲದೆ ಮಾಡುವವರಿದ್ದಾರೆ, ಕೇಳಿ ನೋಡಿ. ತರಕಾರಿ ಫಹೀಟಾ ಕೇಳಿದರೆ ಕೊಡುತ್ತಾರೆ, ಆದರೆ ಮಾಂಸ ಬೆಂದ ಕಾವಲಿಯ ಮೇಲೇ ಮೆಣಸಿನಕಾಯಿ, ಈರುಳ್ಳಿ ಹುರಿದಿರಬಹುದು. ಮಡಿ ಬಿಗಿಯಾಗಿರುವ ಅತ್ತೆ, ಚಿಕ್ಕಪ್ಪಂದಿರಿಗೆ ಇದನ್ನು ಹೊರಡುವ ಮುಂಚೆಯೇ ಹೇಳಿ. ತಟ್ಟೆ ಎದುರಿಗೆ ಬಂದ ಮೇಲೆ ಹೇಳುವ ವಿಷಯ ಅಲ್ಲ. ಬರುವುದಿಲ್ಲ ಎಂದರೆ ಒತ್ತಾಯಿಸಬೇಡಿ, ಮನೆಯಲ್ಲಿ ಸಾರು ಇದ್ದೇ ಇರುತ್ತದಲ್ಲ.

3. ಅಡುಗೆಯವರ ಕೈ ಸಾಲ್ಸಾದಲ್ಲೇ ಗೊತ್ತಾಗುತ್ತದೆ.

ಕೂತ ತಕ್ಷಣ ಬಿಟ್ಟಿಯಾಗಿ ಬರುವ ಚಿಪ್ಸ್ ಬಿಸಿಯಿದ್ದು, ಸಾಲ್ಸಾದಲ್ಲಿ ಸುಟ್ಟ ಮೆಣಸಿನಕಾಯಿಯ ವಾಸನೆ ಇದ್ದರೆ ಒಳಗಿನ ಅಡುಗೆಯನ್ನೂ ನಂಬಬಹುದು. ಅತಿಥಿ ಬರುವ ಒಂದು ವಾರ ಮುಂಚೆ ಒಬ್ಬರೇ ಹೋಗಿ ಇಷ್ಟನ್ನು ನೋಡಿ ಬನ್ನಿ.

4. ಊಟದ ಜೊತೆಗೆ ನೋಡಲೂ ಏನಾದರೂ ಇರಲಿ.

ಹ್ಯೂಸ್ಟನ್ನಿಗೆ ಬಂದವರಿಗೆ ನ್ಯಾವಿಗೇಷನ್ ಬುಲೆವಾರ್ಡಿನ ನಿನ್ಫಾಸ್. ಗಂಡ ತೀರಿಕೊಂಡ ಮೇಲೆ ಕುಂಟುತ್ತಿದ್ದ ಟೋರ್ಟಿಯಾ ಕಾರ್ಖಾನೆಯ ಮುಂಭಾಗದಲ್ಲಿ, ಹತ್ತು ಮೇಜು ಹಾಕಿಕೊಂಡು ನಿನ್ಫಾ ಲೊರೆಂಜೊ 1973ರಲ್ಲಿ ಶುರು ಮಾಡಿದ ಜಾಗ. ಕೆಂಡದ ಮೇಲೆ ಸುಟ್ಟ ಮಾಂಸವನ್ನು ಟೋರ್ಟಿಯಾದಲ್ಲಿ ಸುತ್ತಿ ಕೊಟ್ಟು ಹೆಸರು ಮಾಡಿತು. ಫಹೀಟಾ ದೇಶದ ಬಾಯಿಗೆ ಬಿದ್ದದ್ದರಲ್ಲಿ ಅದರ ಪಾಲು ದೊಡ್ಡದು. ಸ್ಯಾನ್ ಆಂಟೋನಿಯೋಗೆ ಸುತ್ತಾಡಲು ಹೋದರೆ ಮಾರ್ಕೆಟ್ ಸ್ಕ್ವೇರಿನಲ್ಲಿ 1941ರಿಂದ ಇರುವ ಮೀ ತಿಯೆರಾ. ಒಳಗೆ ಹೋಗುತ್ತಲೇ ಸಿಹಿ ಬ್ರೆಡ್ಡುಗಳ ಬೇಕರಿ, ತಲೆಯ ಮೇಲೆಲ್ಲ ವರ್ಷವಿಡೀ ಬಣ್ಣದ ದೀಪ, ತೋರಣ. ನದಿಯ ದಂಡೆಯಲ್ಲಿ ಕೂರಬೇಕು ಎಂದರೆ 1946ರ ಕಾಸಾ ರಿಯೋ ಇದೆ. ಫೋರ್ಟ್ ವರ್ತಿನ ಜೋ ಟಿ. ಗಾರ್ಸಿಯಾಸ್ (1935) ತನ್ನ ತೋಟಕ್ಕೆ ಪ್ರಸಿದ್ಧ. ರಾತ್ರಿಯೂಟಕ್ಕೆ ಅಲ್ಲಿ ಆಯ್ಕೆಗಳೇ ಕಡಿಮೆ, ಮಾಂಸ ತಿನ್ನುವ ಗೆಳೆಯರಿಗೆ ಅದೇ ಸುಖ.

ಹಿರಿಯರಿದ್ದರೆ ನಾನು ಹುಡುಕುವುದು ಟೋರ್ಟಿಯಾವನ್ನು ಎಲ್ಲರಿಗೂ ಕಾಣುವಂತೆ ಲಟ್ಟಿಸಿ ಬೇಯಿಸುವ ಹೋಟೆಲು. ಹತ್ತು ಸಾವಿರ ಚಪಾತಿ ಲಟ್ಟಿಸಿದ ಕೈಗಳು ಅಲ್ಲಿ ನಿಂತರೆ ಬೇಗ ಕದಲುವುದಿಲ್ಲ. "ಹಿಟ್ಟು ಇನ್ನೂ ಸ್ವಲ್ಪ ನೆನೆಯಬೇಕಿತ್ತು" ಎಂಬ ತೀರ್ಪೂ ಸಿಗುತ್ತದೆ.

5. ವಿಮಾನ ಇಳಿದ ದಿನ ಬೇಡ. ಶುಕ್ರವಾರ ಸಂಜೆಯಂತೂ ಬೇಡವೇ ಬೇಡ.

ಪ್ರಯಾಣದಲ್ಲಿ ನಿದ್ದೆಗೆಟ್ಟು ಬಂದವರಿಗೆ ಹೋಟೆಲಿನ ಗದ್ದಲ ಹಿಂಸೆ. ಶುಕ್ರವಾರ ಸಂಜೆಯಾದರೆ ಮರಿಯಾಚಿ ಎಂಬ ಮೆಕ್ಸಿಕನ್ ವಾದ್ಯದವರ ತುತ್ತೂರಿ ಕಿವಿಯ ಪಕ್ಕದಲ್ಲೇ ಮೊಳಗುತ್ತದೆ.

6. ಮಾರ್ಗರೀಟಾ ಎಷ್ಟು ಸಿಹಿಯೋ ಅಷ್ಟು ಮೋಸ.

ಮಂಜಿನಂತೆ ಸುರಿಯುವ ಮಾರ್ಗರೀಟಾ ಡಲ್ಲಾಸಿನ ಹುಟ್ಟು. ಐಸ್‌ಕ್ರೀಮ್ ಯಂತ್ರವನ್ನು ಅದಕ್ಕೆ ಒಗ್ಗಿಸಿದವರು ಮರಿಯಾನೋ ಮಾರ್ಟಿನೆಜ್, 1971ರಲ್ಲಿ. ಆ ಯಂತ್ರ ಈಗ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಆಫೀಸಿನವರಿಗೆ ಈ ಕಥೆ ಹಿಡಿಸುತ್ತದೆ, ಎರಡನೇ ಲೋಟವೂ ಹಿಡಿಸುತ್ತದೆ, ಆದ್ದರಿಂದ ಕಾರು ಓಡಿಸುವವರು ಯಾರೆಂದು ಮೊದಲೇ ತೀರ್ಮಾನವಾಗಿರಲಿ. ಕುಡಿಯದವರಿಗೆ ಓರ್ಚಾಟಾ ತರಿಸಿ, ಅಕ್ಕಿ, ದಾಲ್ಚಿನ್ನಿ ಹಾಕಿದ ತಂಪು ಪಾನೀಯ. ಹಿರಿಯರು ಇನ್ನೊಂದು ಲೋಟ ಕೇಳಿದ್ದುಂಟು.

7. ಬಿಲ್ಲಿನ ವ್ಯವಸ್ಥೆ ಚೀಟಿ ಮೇಜಿಗೆ ಬರುವ ಮುಂಚೆಯೇ ಆಗಲಿ.

ಕೈ ತೊಳೆಯುವ ನೆಪದಲ್ಲಿ ಎದ್ದು ಕಾರ್ಡು ಕೊಟ್ಟು ಬನ್ನಿ. ಊರಿನ ಹಿರಿಯರ ಕೈಗೆ ಆ ಚೀಟಿ ಸಿಕ್ಕಿತೋ, ಮೊತ್ತವನ್ನೂ ಟಿಪ್ಪನ್ನೂ ರೂಪಾಯಿಗೆ ಗುಣಿಸಿ, ಮುಂದಿನ ಹೋಟೆಲೂಟದ ಮಾತೆತ್ತಿದಾಗಲೆಲ್ಲ "ಮನೇಲೇ ಉಪ್ಪಿಟ್ಟು ಮಾಡಿದ್ರಾಯ್ತು" ಎನ್ನುತ್ತಾರೆ.