ಮಗಳ ವೀಸಾ, ಅಪ್ಪನ ಹಳೇ ಪಾಸ್‌ಪೋರ್ಟು

ಚೆನ್ನೈನ ಜೂನ್ ಬಿಸಿಲು. ಜೆಮಿನಿ ಫ್ಲೈಓವರ್ ಹತ್ತಿರದ ಟೀ ಅಂಗಡಿಯ ನೆರಳಲ್ಲಿ ನಾನೂ ನಮ್ಮ ಯಜಮಾನರೂ ಎರಡು ಗಂಟೆಯಿಂದ ನಿಂತಿದ್ದೆವು. ಕಾನ್ಸುಲೇಟಿನೊಳಗೆ ಮೊಬೈಲ್ ಬಿಡುವುದಿಲ್ಲ, ಮಗಳದು ನನ್ನ ಬ್ಯಾಗಿನಲ್ಲಿತ್ತು. ಪಾಸ್‌ಪೋರ್ಟ್ ಒಳಗೇ ಇಟ್ಟುಕೊಂಡರೆ ವೀಸಾ ಬಂತು, ವಾಪಸ್ ಕೊಟ್ಟರೆ ಇಲ್ಲ ಅಂತ ಕ್ಯೂನಲ್ಲಿದ್ದವರ ಲೆಕ್ಕ. ನಮ್ಮವಳು ಹೊರಗೆ ಬಂದಾಗ ಕೈಯಲ್ಲಿ ಪಾಸ್‌ಪೋರ್ಟೂ ಇತ್ತು, ಒಂದು ಚೀಟಿಯೂ ಇತ್ತು.

"ಅಮ್ಮ, ನಂಗೆ ವೀಸಾ ಕೊಡಕ್ಕೆ ಬರಲ್ವಂತೆ. ನಾನು ಅಮೆರಿಕನ್ನೇ ಇರಬಹುದಂತೆ."

ನಮ್ಮ ಯಜಮಾನರು ನಕ್ಕರು. ಆಮೇಲೆ ಏನೋ ಲೆಕ್ಕ ಹಾಕಿದವರ ಹಾಗೆ ಸುಮ್ಮನಾದರು.

ಅವರು ಎಂ.ಎಸ್. ಓದಲು ಅಮೆರಿಕಕ್ಕೆ ಹೋದದ್ದು 1991ರಲ್ಲಿ. ಅಲ್ಲೇ ಕೆಲಸ, ಗ್ರೀನ್ ಕಾರ್ಡ್; 2002ರಲ್ಲಿ ಪೌರತ್ವ. ಮರುವರ್ಷ ಮಾವನವರಿಗೆ ಹುಷಾರು ತಪ್ಪಿತೆಂದು ಮೈಸೂರಿಗೆ ಬಂದವರು ಮತ್ತೆ ಹೋಗಲಿಲ್ಲ. 2004ರಲ್ಲಿ ನಮ್ಮ ಮದುವೆ. 2005ರ ನವೆಂಬರಿನಲ್ಲಿ ಮಗಳು ಇಲ್ಲೇ ಹುಟ್ಟಿದಳು. ನಾನು ಭಾರತೀಯಳಾದ್ದರಿಂದ ಅವಳೂ ಭಾರತೀಯಳು, ಪಾಸ್‌ಪೋರ್ಟೂ ಇಲ್ಲಿಯದೇ. ಮನೆಯಲ್ಲಿ ಅಮೆರಿಕ ಅಂದರೆ ಇವರ ನೀಲಿ ಪಾಸ್‌ಪೋರ್ಟು, ಜೊತೆಗೆ ವಿದೇಶಿ ಪೌರತ್ವ ಪಡೆದ ಭಾರತೀಯರಿಗೆ ಕೊಡುವ ಓಸಿಐ ಪುಸ್ತಕ. ಬೀರುವಿನಲ್ಲಿ ನನ್ನ ರೇಷ್ಮೆ ಸೀರೆಗಳ ಕೆಳಗೆ. ಅಷ್ಟೇ.

ಮಗಳ ವಿದ್ಯಾರ್ಥಿ ವೀಸಾ ಅರ್ಜಿಯಲ್ಲಿ ಒಂದು ಪ್ರಶ್ನೆಯಿದೆ, ನಿಮ್ಮ ತಂದೆ ಅಮೆರಿಕದಲ್ಲಿದ್ದಾರೆಯೇ ಅಂತ. 'ಇಲ್ಲ' ಅಂದೆವು. ಅವರು ಕುವೆಂಪುನಗರದಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದರು. 'ಇಲ್ಲ' ಅಂದಮೇಲೆ ಅರ್ಜಿ ಮುಂದೇನೂ ಕೆದಕಲಿಲ್ಲ. ನಿನಗೆ ಬೇರೆ ದೇಶದ ಪೌರತ್ವ ಇದೆಯೇ ಎಂಬುದಕ್ಕೂ 'ಇಲ್ಲ'. ಕನ್ಸಲ್ಟೆಂಟ್ ಹುಡುಗ "ಸಾರ್ ಇಲ್ಲೇ ಇದಾರಲ್ಲ ಮೇಡಂ, ಪ್ರಾಬ್ಲಮ್ಮೇ ಇಲ್ಲ" ಅಂದ. ಇಂಟರ್‌ವ್ಯೂನಲ್ಲಿ ಅಧಿಕಾರಿ ಅಪ್ಪನ ಬಗ್ಗೆ ಕೇಳಿದಾಗ ಇವಳು ಇದ್ದದ್ದು ಇದ್ದ ಹಾಗೆ ಹೇಳಿದ್ದಾಳೆ. ಹೇಳಿದ್ದು ಒಳ್ಳೆಯದೇ ಆಯಿತು. ಬಚ್ಚಿಟ್ಟಿದ್ದರೆ ಇದು ಮುಂದೆ ಇನ್ನೂ ಕೆಟ್ಟ ಜಾಗದಲ್ಲಿ ಹೊರಬೀಳುತ್ತಿತ್ತು.

ಅಲ್ಲಿಯ ಕಾನೂನು ಹೀಗಿದೆ: ಗಂಡಹೆಂಡಿರಲ್ಲಿ ಒಬ್ಬರು ಮಾತ್ರ ಅಮೆರಿಕದ ಪ್ರಜೆಯಾಗಿದ್ದು, ಮಗು ಹೊರದೇಶದಲ್ಲಿ ಹುಟ್ಟುವ ಮೊದಲೇ ಆ ಒಬ್ಬರು ಒಟ್ಟು 5 ವರ್ಷ ಅಲ್ಲಿ ಇದ್ದಿರಬೇಕು, ಅದರಲ್ಲಿ 2 ವರ್ಷವಾದರೂ ತಮ್ಮ 14 ವರ್ಷದ ನಂತರದ್ದಾಗಿರಬೇಕು. ಹಾಗಿದ್ದರೆ ಮಗು ಹುಟ್ಟುತ್ತಲೇ ಅಮೆರಿಕನ್. ವಿದ್ಯಾರ್ಥಿಯಾಗಿ ಕಳೆದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಯಾರೂ ಅರ್ಜಿ ಹಾಕಬೇಕಿಲ್ಲ, ಗೊತ್ತಿರಲೂಬೇಕಿಲ್ಲ. ತನ್ನ ಪ್ರಜೆಗೆ ಆ ದೇಶ ವೀಸಾ ಕೊಡುವುದಿಲ್ಲ. ತನ್ನ ಪಾಸ್‌ಪೋರ್ಟಿನಲ್ಲೇ ಬಾ ಅನ್ನುತ್ತದೆ. ಕಟ್ಟಿದ್ದ 185 ಡಾಲರ್ ವೀಸಾ ಫೀಸು ವಾಪಸ್ ಬರುವ ದುಡ್ಡಲ್ಲ.

ಅತ್ತೆಗೆ ಇದು ತಲೆಗೇ ಹೋಗಲಿಲ್ಲ. "ಚೆಲುವಾಂಬ ಆಸ್ಪತ್ರೇಲಿ ಹುಟ್ಟಿದ ಮಗು, ಅದೆಂಥ ಅಮೆರಿಕ?"

ಹೆರಿಗೆಯಾದ ಹೊಸದರಲ್ಲೇ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಮಾಡಿಸಿದ್ದರೆ ಸುಲಭವಿತ್ತು. 18 ತುಂಬಿದ ಮೇಲೆ ಅದು ಆಗುವುದಿಲ್ಲ. ನೇರ ಪಾಸ್‌ಪೋರ್ಟಿಗೇ ಅರ್ಜಿ, ಜೊತೆಗೆ ಅಪ್ಪ ಅಲ್ಲಿದ್ದ ವರ್ಷಗಳಿಗೆ ಪುರಾವೆ. ಅಟ್ಟದ ಮೇಲಿನ ಟ್ರಂಕು ಇಳಿಸಿದೆವು. ಮೂಲೆ ಕತ್ತರಿಸಿದ ಅವರ ಹಳೇ ಭಾರತೀಯ ಪಾಸ್‌ಪೋರ್ಟು ಸಿಕ್ಕಿತು, ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬ್ಲೇಡಿನಲ್ಲಿ ಮೆತ್ತಗೆ ಬಿಡಿಸಿ, ಮಸುಕಾದ ಸೀಲುಗಳನ್ನು ಟಾರ್ಚ್ ಹಿಡಿದು ಓದಿ, ಬಂದ ದಿನ ಹೋದ ದಿನಗಳನ್ನು ಮಗಳು ನೋಟ್‌ಬುಕ್ಕಿನಲ್ಲಿ ಬರೆದಳು. ಅಪ್ಪನ ಯೌವನದ ಲೆಕ್ಕ ಅವಳು ಬರೆದದ್ದು ಅದೇ ಮೊದಲು. ಸಂಬಳದ ಚೀಟಿಗಳನ್ನೆಲ್ಲ ವಾಪಸ್ ಬರುವಾಗ ಇವರು ಕಸಕ್ಕೆ ಹಾಕಿದ್ದರು. ಓದಿದ ವಿಶ್ವವಿದ್ಯಾಲಯಕ್ಕೆ ಬರೆದು ಮಾರ್ಕ್ಸ್ ಕಾರ್ಡ್ ತರಿಸಿದೆವು, ತೆರಿಗೆ ದಾಖಲೆ ತರಿಸಿದೆವು. ಅಷ್ಟರಲ್ಲಿ ಆಗಸ್ಟ್ ಕಳೆಯಿತು. ಅಲ್ಲಿಯ ಕಾಲೇಜಿನವರು ಅವಳ ಸೀಟನ್ನು ಜನವರಿಗೆ ಮುಂದೂಡಿದರು.

ಕಾಗದ ಹೊಂದಿಸುವುದು ಕಷ್ಟವಾದರೂ ಆಗುವ ಕೆಲಸ. ಆಗದ ಕೆಲಸ ಇನ್ನೊಂದಿತ್ತು. ಭಾರತ ದ್ವಿಪೌರತ್ವ ಒಪ್ಪುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಕೈಗೆ ಬಂದರೆ ಇಲ್ಲಿಯದನ್ನು ಒಪ್ಪಿಸಬೇಕು. ಏಪ್ರಿಲ್ 26ರಂದು ಅವಳು ಮೊದಲ ಸಲ ವೋಟು ಹಾಕಿದ್ದಳು. ಬೆರಳಿಗೆ ಹಚ್ಚುವ ಆ ಶಾಯಿ ನಮ್ಮೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯದು, ದೇಶಕ್ಕೆಲ್ಲ ಇಲ್ಲಿಂದಲೇ ಹೋಗುತ್ತದೆ. ಚೆನ್ನೈನಲ್ಲಿ ಬೆರಳಚ್ಚು ಕೊಟ್ಟಾಗಲೂ ಅವಳ ಉಗುರಿನ ನಡುವೆ ಆ ಕಪ್ಪು ಗೆರೆ ಇತ್ತು.

ಬೇಡ, ಇಲ್ಲೇ ಓದು ಅಂತ ಒಂದು ರಾತ್ರಿ ನಾನು ಹೇಳಿದ್ದುಂಟು. "ನಾನು ಯೋಚ್ನೆ ಮಾಡ್ತೀನಮ್ಮ" ಅಂದಳು. ನಾಲ್ಕು ದಿನ ಮಾಡಿದಳು. ಹೋಗುತ್ತೇನೆ ಅಂದಳು.

ನಮ್ಮ ಅಜ್ಞಾನವನ್ನು ನಾನು ಪೂರ್ತಿ ಬೈಯಲಾರೆ. ಚಿಕ್ಕಂದಿನಲ್ಲೇ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿದ್ದರೆ ಇವಳು ಈ ಊರಿನಲ್ಲಿ ಓಸಿಐ ಆಗಿ ಬೆಳೆಯುತ್ತಿದ್ದಳು.  ವೋಟು ಇರುತ್ತಲೇ ಇರಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ವಿದೇಶಿ ವಿದ್ಯಾರ್ಥಿಗಳಿಗೆ ಸಿಗದ ಅಲ್ಲಿಯ ಸರ್ಕಾರದ ಶಿಕ್ಷಣ ನೆರವಿಗೆ ಇವಳು ಈಗ ಅರ್ಜಿ ಹಾಕಬಹುದು. ಯಾವ ತಟ್ಟೆ ಭಾರ ಅಂತ ನನಗೆ ಇನ್ನೂ ತೂಗಲು ಬಂದಿಲ್ಲ.

ಈಗ ಯಾರಾದರೂ ಮಕ್ಕಳ ವೀಸಾ ಅಂತ ಬಂದರೆ ಬ್ಯಾಂಕ್ ಬ್ಯಾಲೆನ್ಸ್ ಆಮೇಲೆ. ಮಗು ಹುಟ್ಟಿದ ದಿನ ಅಪ್ಪ-ಅಮ್ಮನ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳುತ್ತೇನೆ. ನಮ್ಮ ಚಿಕ್ಕಪ್ಪನ ಮಗ ಅಮೆರಿಕದ ಪ್ರಜೆಯಾದದ್ದು ಅವನ ಹುಡುಗ ಹುಟ್ಟಿದ ಮೇಲೆ. ಹುಡುಗ ಬೆಳೆದದ್ದೆಲ್ಲ ತಾಯಿಯ ಜೊತೆ ಇಲ್ಲೇ, ಹಾಗಾಗಿ ಅವನು ಅಮೆರಿಕನ್ ಅಲ್ಲ. ಅವನದು ಬೇರೆ ತೊಡಕು: ಅಪ್ಪ ಮಗನಿಗೆಂದು ಗ್ರೀನ್ ಕಾರ್ಡಿಗೆ ಹಾಕಿಟ್ಟಿದ್ದ. ಓದು ಮುಗಿಸಿ ವಾಪಸ್ ಬರುತ್ತೇನೆ ಅಂದರೆ ವೀಸಾ ಅಧಿಕಾರಿ ಹೇಗೆ ನಂಬಬೇಕು?

ಅಮೆರಿಕದ ಪಾಸ್‌ಪೋರ್ಟ್ ಬಂದ ಮೇಲೆ ಬೆಂಗಳೂರು ಓಡಾಟ, ಶಾಂತಿನಗರದ ಬಸ್ ಸ್ಟ್ಯಾಂಡ್ ಕಟ್ಟಡದಲ್ಲಿರುವ ವಿದೇಶಿಯರ ನೋಂದಣಿ ಕಚೇರಿಗೆ. ಒಮ್ಮೆಯೂ ಈ ದೇಶ ಬಿಟ್ಟು ಹೋಗದವಳು ವಿದೇಶಿಯಳಾಗಿ ದೇಶ ಬಿಡಲು ಅನುಮತಿ ಬೇಡಿದಳು.

ನವೆಂಬರಿನಲ್ಲಿ ಮತದಾರರ ಪಟ್ಟಿ ಪರಿಷ್ಕರಣೆ ನಡೆದಾಗ ಬೀದಿಯ ಅಂಗನವಾಡಿ ಟೀಚರ್ ಮನೆಗೆ ಬಂದರು. ಮಗಳ ಹೆಸರು ತೆಗೆಸಬೇಕು ಅಂದೆ.

"ಮದುವೆ ಆಯ್ತಾ ಮೇಡಂ? ಹೇಳಲೇ ಇಲ್ಲ."

ಇಲ್ಲ ಅಂದೆ. ನಮೂನೆ 7 ತೆಗೆದು ಕಾರಣಗಳನ್ನು ಒಂದೊಂದಾಗಿ ಓದಿದರು. ಮರಣ, ಸ್ಥಳಾಂತರ, ವಯಸ್ಸು ಸಾಲದು... "ಭಾರತೀಯ ನಾಗರಿಕರಲ್ಲ" ಅನ್ನುವುದಕ್ಕೆ ಬಂದಾಗ ಇದೇ ಅಂದೆ. ಟೀಚರ್ ಒಳಮನೆ ಕಡೆ ಕತ್ತೆತ್ತಿ ನೋಡಿದರು. ಅಲ್ಲಿ ಮಗಳು ಅಜ್ಜಿಯ ಜೊತೆ ಕೂತು ಅವರೆಕಾಳು ಸುಲಿಯುತ್ತಿದ್ದಳು.